ಫೀಡ್ ಜೊತೆ 13 ವರ್ಷ: ಬೆರಳು ನಿಂತದ್ದೆಲ್ಲ ಇಷ್ಟವಲ್ಲ

ಕಳೆದ ವರ್ಷ ನನ್ನ ಗೆಳತಿಯೊಬ್ಬಳ ಕೆಲಸ ಹೋಯಿತು. ಅದನ್ನವಳು ನಾಲ್ಕೇ ಸಾಲಿನಲ್ಲಿ ಬರೆದು ಹಾಕಿದ್ದಳು. ಫೋಟೊ ಇಲ್ಲ, ವಿಡಿಯೊ ಇಲ್ಲ. ಕೊನೆಯ ಸಾಲು 'ಎಲ್ಲಾದರೂ ಕೆಲಸ ಇದ್ದರೆ ಹೇಳಿ' ಅಂತಿತ್ತು. ನಾನದನ್ನು ಓದಿದ್ದು 23 ದಿನ ಕಳೆದ ಮೇಲೆ. ಅದೂ ಆಪ್ ತೆರೆದಾಗ ಕಾಣುವ ಪೋಸ್ಟ್‌ಗಳ ಸಾಲಿನಲ್ಲಿ, ಅಂದರೆ ಫೀಡಿನಲ್ಲಿ ಅಲ್ಲ, ಯಾವುದೋ ಹಳೆಯ ಫೋಟೊ ಹುಡುಕಿಕೊಂಡು ಅವಳ ಪ್ರೊಫೈಲಿಗೆ ಹೋದಾಗ. ಪೋಸ್ಟಿನ ಕೆಳಗೆ 6 ಲೈಕು, 2 ಕಾಮೆಂಟು. ಆ 23 ದಿನವೂ ನಾನು ಅದೇ ಆಪನ್ನು ದಿನಕ್ಕೆ ಹತ್ತಾರು ಸಲ ತೆರೆದಿದ್ದೆ. ಪರಿಚಯವೇ ಇಲ್ಲದವರ ಜಗಳ, ನಾಯಿಮರಿಗಳ ವಿಡಿಯೊ, ಯಾರೋ ಯಾರಿಗೋ ಕೊಟ್ಟ ತಿರುಗೇಟು ಎಲ್ಲ ನೋಡಿದ್ದೆ. ಎಷ್ಟೋ ವರ್ಷದಿಂದ ಬಲ್ಲವಳ ನಾಲ್ಕು ಸಾಲು ಮಾತ್ರ ನನ್ನವರೆಗೆ ಬರಲಿಲ್ಲ.

ತಕ್ಷಣ ಫೋನ್ ಮಾಡಿದೆ. 'ನೀನು ನೋಡಿಯೂ ಸುಮ್ಮನಿದ್ದೀಯ ಅಂದುಕೊಂಡಿದ್ದೆ' ಅಂದಳು. ಈ ವಿಮರ್ಶೆ ಬರೆಯಬೇಕು ಅನ್ನಿಸಿದ್ದು ಆ ಮಾತಿನಿಂದ.

ಯಾವ ಆಪ್ ಎಂಬುದು ಇಲ್ಲಿ ಮುಖ್ಯವಲ್ಲ. ಇಂದು ಹೆಚ್ಚುಕಡಿಮೆ ಎಲ್ಲ ಆಪ್‌ಗಳಲ್ಲೂ ಇರುವ ಒಂದು ಭಾಗದ ವಿಮರ್ಶೆ ಇದು: ಯಾರ ಪೋಸ್ಟ್ ಮೇಲೆ ಬರಬೇಕು, ಯಾರದ್ದು ಕೆಳಗೆ ಹೋಗಬೇಕು ಎಂದು ನಮ್ಮ ಪರವಾಗಿ ತೀರ್ಮಾನಿಸುವ ಅಲ್ಗಾರಿದಂ. ಅಂಕ ಕೊಡಿ ಎಂದರೆ, ಹೊಸದನ್ನು ಹುಡುಕಿಕೊಡುವ ಕೆಲಸಕ್ಕೆ 5ಕ್ಕೆ 4 ಕೊಡುತ್ತೇನೆ. ನಮ್ಮವರ ಸುದ್ದಿ ತಲುಪಿಸುವ ಕೆಲಸಕ್ಕೆ 5ಕ್ಕೆ 1.

ನಾನು ಸೇರಿದ ಕಾಲಕ್ಕೆ ಹಲವು ಕಡೆ ಹೊಸ ಪೋಸ್ಟ್ ಮೇಲೆ, ಹಳೆಯದು ಕೆಳಗೆ, ಅಷ್ಟೇ ನಿಯಮ. ಸ್ಕ್ರಾಲ್ ಮಾಡುತ್ತ ನಿನ್ನೆ ನೋಡಿದ ಪೋಸ್ಟ್ ಸಿಕ್ಕಿತೆಂದರೆ ಅಲ್ಲಿಗೆ ಮುಗಿಯಿತು, ಫೋನ್ ಕೆಳಗಿಡಬಹುದಿತ್ತು. ಫೇಸ್‌ಬುಕ್ ಮಾತ್ರ ಆಗಲೇ ಬೇರೆ ದಾರಿ ಹಿಡಿದಿತ್ತು. 2006ರಲ್ಲಿ ನ್ಯೂಸ್ ಫೀಡ್ ತಂದ ಆ ಕಂಪನಿ 2010ರಲ್ಲಿ ತನ್ನ ಲೆಕ್ಕಾಚಾರವನ್ನು ಎಡ್ಜ್‌ರ‍್ಯಾಂಕ್ ಎಂಬ ಹೆಸರಿನಲ್ಲಿ ವಿವರಿಸಿತು. ಬರೆದವರಿಗೂ ನಮಗೂ ಎಷ್ಟು ಒಡನಾಟ, ಲೈಕು ಕಾಮೆಂಟುಗಳಲ್ಲಿ ಯಾವುದಕ್ಕೆ ಎಷ್ಟು ತೂಕ, ಪೋಸ್ಟ್ ಎಷ್ಟು ಹಳೆಯದು: ಈ ಮೂರನ್ನೇ ಅದು ನೋಡುತ್ತಿತ್ತು. ಈಗ ಆ ಜಾಗದಲ್ಲಿ ಸಾವಿರಾರು ಅಂಶಗಳನ್ನು ಅಳೆಯುವ, ನಮ್ಮ ಬಳಕೆಯಿಂದಲೇ ಕಲಿಯುವ ಮಷಿನ್ ಲರ್ನಿಂಗ್ ಕೂತಿದೆ. ಟ್ವಿಟರ್ (ಈಗಿನ ಎಕ್ಸ್) ಮತ್ತು ಇನ್‌ಸ್ಟಾಗ್ರಾಂ ಎರಡೂ 2016ರಲ್ಲಿ ಈ ಕಡೆ ಹೊರಳಿದವು. ಜನ ತಮ್ಮ ಫೀಡಿನ ಸರಾಸರಿ ಶೇ 70ರಷ್ಟು ಪೋಸ್ಟ್‌ಗಳನ್ನು ನೋಡುವುದೇ ಇಲ್ಲ ಎಂಬುದು ಇನ್‌ಸ್ಟಾಗ್ರಾಂ ಕೊಟ್ಟ ಕಾರಣ.

ಆ ಕಾರಣವನ್ನು ನಾನು ಒಪ್ಪುತ್ತೇನೆ. ನೂರಾರು ಜನರನ್ನು ಫಾಲೋ ಮಾಡಿಕೊಂಡು ಎಲ್ಲರ ಬರಹವನ್ನೂ ಓದುವುದು ಆಗದ ಮಾತು. ಯಾರಾದರೂ ಆರಿಸಿ ಕೊಡಲೇಬೇಕು. ಏನನ್ನು ನೋಡಿ ಆರಿಸುತ್ತಾರೆ ಎಂಬುದು ನನ್ನ ಪ್ರಶ್ನೆ.

ಇದಕ್ಕೆ ತಕ್ಕಮಟ್ಟಿಗೆ ನೇರ ಉತ್ತರ ಸಿಕ್ಕಿದ್ದು 2023ರ ಮಾರ್ಚ್ 31ರಂದು. ಟ್ವಿಟರ್ ಅಂದು ತನ್ನ ಶಿಫಾರಸು ವ್ಯವಸ್ಥೆಯ ಕೋಡಿನ ದೊಡ್ಡ ಭಾಗವನ್ನು, ಯಾರು ಬೇಕಾದರೂ ಕೋಡ್ ನೋಡಬಹುದಾದ ಗಿಟ್‌ಹಬ್ ತಾಣದಲ್ಲಿ ಹಾಕಿತು. ಅದರ ಪ್ರಕಾರ ಆಗ, ನಾವು ಆಪ್ ತೆರೆದ ಕ್ಷಣಕ್ಕೆ ಕೋಟ್ಯಂತರ ಪೋಸ್ಟ್‌ಗಳ ರಾಶಿಯಿಂದ ಮೊದಲು ಸುಮಾರು 1,500ನ್ನು ಹೆಕ್ಕುತ್ತಿದ್ದರು. ಅದರಲ್ಲಿ ಸರಾಸರಿ ಅರ್ಧ ನಾವು ಫಾಲೋ ಮಾಡಿದವರದ್ದು, ಇನ್ನರ್ಧ ಹೊರಗಿನವರದ್ದು. ಆ ಮೇಲೆ 4.8 ಕೋಟಿ ಪ್ಯಾರಾಮೀಟರ್‌ಗಳ (ಕಲಿಯುತ್ತ ತಿದ್ದಿಕೊಳ್ಳುವ ಸಂಖ್ಯೆಗಳ) ನ್ಯೂರಲ್ ನೆಟ್‌ವರ್ಕ್ ಎಂಬ ಪ್ರೋಗ್ರಾಂ ಒಂದೊಂದು ಪೋಸ್ಟನ್ನೂ ಎದುರಿಟ್ಟುಕೊಂಡು ಊಹಿಸುತ್ತಿತ್ತು: ಇವರು ಇದಕ್ಕೆ ಲೈಕ್ ಒತ್ತುವ ಸಾಧ್ಯತೆ ಎಷ್ಟು, ರಿಪ್ಲೈ ಮಾಡುವ ಸಾಧ್ಯತೆ ಎಷ್ಟು, ರಿಪೋರ್ಟ್ ಮಾಡುವ ಸಾಧ್ಯತೆ ಎಷ್ಟು. ಒಂದೊಂದು ಊಹೆಯನ್ನೂ ಅದರ ತೂಕದಿಂದ ಗುಣಿಸಿ ಕೂಡಿದರೆ ಪೋಸ್ಟಿನ ಅಂಕ ಬರುತ್ತಿತ್ತು. ಬ್ಲಾಕ್ ಮಾಡಿದವರನ್ನು ತೆಗೆದು, ಒಬ್ಬರದ್ದೇ ಸಾಲಾಗಿ ಬರದಂತೆ ಚದುರಿಸಿ, ನಡುನಡುವೆ ಜಾಹೀರಾತು ಸೇರಿಸಿ ಕಳಿಸುತ್ತಿದ್ದರು.

ಆಗ ಹೊರಬಂದ ತೂಕಗಳನ್ನು ನಾನು ಒಂದು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದೇನೆ. ಲೈಕಿಗೆ 0.5. ರೀಟ್ವೀಟಿಗೆ 1. ರಿಪ್ಲೈಗೆ 13.5. ನಮ್ಮ ರಿಪ್ಲೈಗೆ ಪೋಸ್ಟ್ ಬರೆದವರೇ ಸ್ಪಂದಿಸಿದರೆ 75. ಇಂಥದ್ದು ಬೇಡ ಎಂದು ಒತ್ತಿದರೆ ಮೈನಸ್ 74, ರಿಪೋರ್ಟ್ ಮಾಡಿದರೆ ಮೈನಸ್ 369. ತೂಕಗಳು ಬದಲಾಗುತ್ತಲೇ ಇರುತ್ತವೆ, ಒಂದೊಂದು ಕಂಪನಿಯದ್ದೂ ಬೇರೆ. ಆದರೂ ಈ ಸಂಖ್ಯೆಗಳನ್ನು ಹಿಡಿದು ಗೆಳತಿಯ ಪೋಸ್ಟಿನ ಲೆಕ್ಕ ಹಾಕಿ ನೋಡಿದೆ. ಅವಳು ಬರೆದದ್ದು ಬೇರೆ ಆಪಿನಲ್ಲಿ. ಲೆಕ್ಕದ ತಿರುಳು ಮಾತ್ರ ಅದೇ. ನೂರರಲ್ಲಿ ಇಬ್ಬರು ಲೈಕ್ ಒತ್ತಬಹುದು, ಸಾವಿರದಲ್ಲಿ ಒಬ್ಬರು ರಿಪ್ಲೈ ಮಾಡಬಹುದು ಎಂದು ನಾನೇ ಊಹಿಸಿಕೊಂಡೆ. ಅಂಕ 0.0235. ಇನ್ನೊಂದು ಪೋಸ್ಟ್, ಕಾಲು ಕೆರೆದು ಜಗಳಕ್ಕೆ ಕರೆಯುವಂಥದ್ದು ಅಂತಿಟ್ಟುಕೊಳ್ಳಿ. ಲೈಕ್ ಒತ್ತುವವರು ನೂರರಲ್ಲಿ ಒಬ್ಬರೇ, ತಿರುಗಿ ಬೈಯುವವರು ಮೂವರು. ಅಂಕ 0.41. ಲೈಕು ಅರ್ಧದಷ್ಟೇ ಇದ್ದರೂ ಒಟ್ಟು ಅಂಕ 17 ಪಟ್ಟು. ಬೈದು ಬರೆದ ರಿಪ್ಲೈಯೂ ಪ್ರೀತಿಯಿಂದ ಬರೆದ ರಿಪ್ಲೈಯೂ ಈ ಗುಣಾಕಾರದಲ್ಲಿ ಒಂದೇ.

ಕೆಲಸ ಹೋಯಿತು ಎಂದು ಬರೆದವರ ಪೋಸ್ಟಿಗೆ ಲೈಕ್ ಒತ್ತಲು ಯಾರಿಗೆ ಕೈ ಬರುತ್ತದೆ? ಓದುತ್ತೇವೆ, ಎದೆ ಭಾರವಾಗುತ್ತದೆ, ಏನು ಬರೆಯುವುದು ತಿಳಿಯದೆ ಮುಂದೆ ಹೋಗುತ್ತೇವೆ. ಆಮೇಲೆ ಮೆಸೇಜ್ ಮಾಡೋಣ ಅಂದುಕೊಳ್ಳುತ್ತೇವೆ. ಮೊದಲು ನೋಡಿದ ನಾಲ್ಕು ಜನ ಹೀಗೆ ಸುಮ್ಮನೆ ದಾಟಿದರೆ ಐದನೆಯವರಿಗೆ ಅದನ್ನು ತೋರಿಸುವ ಕಾರಣವೇ ಅಲ್ಗಾರಿದಮ್ಮಿಗೆ ಉಳಿಯುವುದಿಲ್ಲ. ನನ್ನ ದೊಡ್ಡ ದೂರು ಇದೇ. ಜನ ಮಾತು ಸಿಗದೆ ಸುಮ್ಮನಾದರೋ, ಬೇಡವೆಂದು ಸುಮ್ಮನಾದರೋ ಅದಕ್ಕೆ ಗೊತ್ತಾಗುವುದಿಲ್ಲ. ಸಂಕಟ ತೋಡಿಕೊಂಡ ಪೋಸ್ಟ್‌ಗಳು ಅದರಿಂದಲೇ ಮೂಲೆಗುಂಪಾಗುತ್ತವೆ, ಮತ್ತು ಬರೆದವರು ತಮ್ಮವರೇ ಮುಖ ತಿರುಗಿಸಿದರು ಎಂದು ನೊಂದುಕೊಳ್ಳುತ್ತಾರೆ.

ಫೇಸ್‌ಬುಕ್ 2016ರಲ್ಲಿ ಲೈಕಿನ ಪಕ್ಕ ಬೇಸರ, ಅಚ್ಚರಿ, ಕೋಪದ ಇಮೋಜಿಗಳನ್ನು ತಂದಾಗ ಈ ಕೊರತೆ ನೀಗಬಹುದು ಎಂದು ನನಗೆ ಆಸೆ ಇತ್ತು. 2017ರಲ್ಲಿ ಆ ಇಮೋಜಿಗಳಿಗೆ ಲೈಕಿನ 5 ಪಟ್ಟು ತೂಕ ಕೊಟ್ಟಿದ್ದರಂತೆ. ಅದರ ಲಾಭ ಸಿಕ್ಕಿದ್ದು ಸಂಕಟದ ಪೋಸ್ಟ್‌ಗಳಿಗಲ್ಲ, ರೊಚ್ಚಿಗೆಬ್ಬಿಸುವ ಪೋಸ್ಟ್‌ಗಳಿಗೆ. ಕೋಪದ ಇಮೋಜಿ ಹೆಚ್ಚಾಗಿ ಬೀಳುವ ಕಡೆ ಸುಳ್ಳು ಸುದ್ದಿಯೂ ಕೀಳು ಬರಹವೂ ಹೆಚ್ಚು ಎಂದು ಕಂಪನಿಯೊಳಗಿನವರೇ ಕಂಡುಕೊಂಡಿದ್ದರು. 2020ರಲ್ಲಿ ಅದರ ತೂಕವನ್ನು ಸೊನ್ನೆಗೆ ಇಳಿಸಿದರು. ಇದೆಲ್ಲ ಜನರಿಗೆ ತಿಳಿದದ್ದು 2021ರಲ್ಲಿ, ಕಂಪನಿಯ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗನ್ ಒಳಗಿನ ದಾಖಲೆಗಳನ್ನು ಹೊರತಂದ ಮೇಲೆ.

ಎರಡನೆಯ ಅನುಭವ ಇನ್ನೂ ಹತ್ತಿರದ್ದು. ಅಮ್ಮನಿಗೆ ಒಂದು ಕಾಯಿಲೆ ಪತ್ತೆಯಾದ ವಾರ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಸುಮ್ಮನೆ ರೀಲ್ಸ್ ಸರಿಸುತ್ತಿದ್ದಾಗ ಅದೇ ಕಾಯಿಲೆ ಬಂದವರ ಮಗಳೊಬ್ಬಳ ವಿಡಿಯೊ ಕಂಡಿತು. ಬೆರಳು ಅಲ್ಲೇ ನಿಂತಿತು. ಲೈಕ್ ಒತ್ತಲಿಲ್ಲ, ಸೇವ್ ಮಾಡಲಿಲ್ಲ, ಎರಡು ಸಲ ನೋಡಿದೆ ಅಷ್ಟೆ. ಮಾರನೆಯ ದಿನದಿಂದ ಆಸ್ಪತ್ರೆ ಹಾಸಿಗೆಗಳು, ಕೊನೆಯ ದಿನಗಳು, ಯಾವುದೋ ಪುಡಿಯಿಂದ ವಾಸಿಯಾಯಿತು ಎನ್ನುವವರು, ಅವರನ್ನು ನಂಬಿ ಕಾಮೆಂಟು ಮಾಡುವವರು ಸಾಲುಗಟ್ಟಿ ಬಂದರು. ನಾನು ಹೆದರಿ ನಿಂತಷ್ಟೂ ಅದು ಇನ್ನಷ್ಟು ತಂದಿತು. ಅಮ್ಮ ಚೇತರಿಸಿಕೊಂಡು ಓಡಾಡಲು ಶುರು ಮಾಡಿದ ಮೇಲೂ ಎರಡು ತಿಂಗಳು ನನ್ನ ಫೋನಿನಲ್ಲಿ ಕಾಯಿಲೆ ವಾಸಿಯಾಗಿರಲಿಲ್ಲ.

ಫೋನು ನಮ್ಮ ಮಾತನ್ನು ಕದ್ದು ಕೇಳುತ್ತದೆ ಎಂದು ಹಲವರು ನಂಬಿದ್ದಾರೆ. ಇಂಥ ಫೀಡ್ ಬರಲು ಮಾತು ಕೇಳಬೇಕಾಗಿಯೇ ಇಲ್ಲ. ಎಷ್ಟು ಸೆಕೆಂಡ್ ನಿಂತೆ, ಮತ್ತೆ ನೋಡಿದೆನೋ, ಸೌಂಡ್ ಆನ್ ಮಾಡಿದೆನೋ, ಯಾರಿಗಾದರೂ ಕಳಿಸಿದೆನೋ: ಇಷ್ಟು ಸಾಕು. ಯೂಟ್ಯೂಬ್ 2012ರಲ್ಲೇ ಎಷ್ಟು ಜನ ಕ್ಲಿಕ್ ಮಾಡಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಬೆಲೆ ಕೊಡಲು ಶುರು ಮಾಡಿತು. ಶೀರ್ಷಿಕೆಯಲ್ಲಿ ಆಸೆ ಹುಟ್ಟಿಸಿ ಒಳಗೆ ಏನೂ ಇಲ್ಲದ ವಿಡಿಯೊಗಳನ್ನು ಕೆಳಗಿಳಿಸಲು ಅದು ಸರಿಯಾದ ಹೆಜ್ಜೆಯೇ ಆಗಿತ್ತು. ಆದರೆ ನೋಡುವ ಹೊತ್ತು ಹೆಚ್ಚುವುದು ಖುಷಿಯಿಂದ ಮಾತ್ರವಲ್ಲ. ಭಯದಿಂದಲೂ ಹೆಚ್ಚುತ್ತದೆ, ಒಂಟಿತನದಿಂದಲೂ ಹೆಚ್ಚುತ್ತದೆ.

ಆಗ ನಾನು ಮಾಡಿದ್ದು 'ಆಸಕ್ತಿ ಇಲ್ಲ' ಬಟನ್ ಒತ್ತಿದ್ದು. ಮೂರು ಚುಕ್ಕಿ, ಮೆನು, 'ಆಸಕ್ತಿ ಇಲ್ಲ', ಮತ್ತೆ ಮುಂದಿನದು, ಮತ್ತೆ ಮೂರು ಚುಕ್ಕಿ. ಒಂದು ವಾರ ಪಟ್ಟುಹಿಡಿದು ಒತ್ತಿದೆ. ಆ ವಿಡಿಯೊ ಹೋಗಿ ಅಂಥದ್ದೇ ಇನ್ನೊಂದು ಬರುತ್ತಿತ್ತು. ಇದು ನನ್ನೊಬ್ಬಳ ಪಾಡಲ್ಲ ಎಂದು ಆಮೇಲೆ ತಿಳಿಯಿತು. ಫೈರ್‌ಫಾಕ್ಸ್ ಬ್ರೌಸರ್‌ನ ಹಿಂದಿರುವ ಮೊಜಿಲ್ಲಾ ಸಂಸ್ಥೆ 20 ಸಾವಿರಕ್ಕೂ ಹೆಚ್ಚು ಬಳಕೆದಾರರ ನೆರವಿನಿಂದ ಯೂಟ್ಯೂಬಿನ ಬಟನ್‌ಗಳನ್ನು ಪರೀಕ್ಷಿಸಿ 2022ರಲ್ಲಿ ವರದಿ ಕೊಟ್ಟಿತ್ತು. ಬೇಡದ ಶಿಫಾರಸುಗಳಲ್ಲಿ 'ಆಸಕ್ತಿ ಇಲ್ಲ' ತಡೆದದ್ದು ಶೇ 11ರಷ್ಟನ್ನು. ಡಿಸ್‌ಲೈಕ್ ಶೇ 12. ವಾಚ್ ಹಿಸ್ಟರಿಯಿಂದ ಅಳಿಸಿದರೆ ಶೇ 29. 'ಈ ಚಾನೆಲ್ ಶಿಫಾರಸು ಮಾಡಬೇಡಿ' ಎಂದರೆ ಶೇ 43, ಇದ್ದುದರಲ್ಲಿ ಇದೇ ವಾಸಿ. ನನ್ನ ಅನುಭವವೂ ಹಾಗೆಯೇ: ಒಂದೊಂದು ವಿಡಿಯೊ ತಳ್ಳುತ್ತ ಕೂರುವ ಬದಲು ಹಿಸ್ಟರಿ ಅಳಿಸಿ, ಹಾಕಿದವರ ಖಾತೆಯನ್ನೇ ತಡೆದಾಗ ಫೀಡ್ ತಿಳಿಯಾಯಿತು. ಇನ್‌ಸ್ಟಾಗ್ರಾಂನಲ್ಲಿ ಈಗ ಶಿಫಾರಸುಗಳನ್ನು ಒಮ್ಮೆಲೇ ಅಳಿಸಿ ಹೊಸದಾಗಿ ಶುರು ಮಾಡುವ ಸೌಲಭ್ಯ ಇದೆ. ಇಂಥದ್ದು ಎಲ್ಲ ಕಡೆ ಇರಬೇಕು, ಮತ್ತು ಮೊದಲ ಪರದೆಯಲ್ಲೇ ಇರಬೇಕು.

4 ಅಂಕ ಕೊಟ್ಟದ್ದು ಯಾಕೆ ಎಂದೂ ಹೇಳಬೇಕು. ಹಳೆಯ ಗಡಿಯಾರ ಬಿಚ್ಚಿ ಜೋಡಿಸುವ ಒಬ್ಬರನ್ನು ನನಗೆ ಪರಿಚಯಿಸಿದ್ದು ಇದೇ ಅಲ್ಗಾರಿದಂ. ಅವರಿಗೆ ಆಗ 200 ಫಾಲೋವರ್‌ಗಳೂ ಇರಲಿಲ್ಲ. ಮಾತಿಲ್ಲ, ಹಿನ್ನೆಲೆ ಸಂಗೀತವಿಲ್ಲ, ಚಿಮಟದ ತುದಿಯಲ್ಲಿ ಹಿಡಿದ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗು, ನಿಧಾನವಾಗಿ ಅದು ತನ್ನ ಜಾಗಕ್ಕೆ ಕೂರುವುದು. ಹೊತ್ತಿನ ಕ್ರಮದ ಹಳೆಯ ಫೀಡ್ ಇದ್ದಿದ್ದರೆ ಅವರು ನನಗೆ ಈ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಖಾತೆಗೆ ಎಷ್ಟು ಫಾಲೋವರ್‌ಗಳಿದ್ದಾರೆ ಎಂಬುದನ್ನು ನೇರವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಟಿಕ್‌ಟಾಕ್ 2020ರಲ್ಲಿ ಹೇಳಿತ್ತು. ಹೆಸರಿಲ್ಲದವರ ಒಳ್ಳೆಯ ಕೆಲಸ ದೂರದವರ ಕಣ್ಣಿಗೆ ಬೀಳುವುದು ಇಂಥ ವ್ಯವಸ್ಥೆಯಿಂದಲೇ. ಅದನ್ನು ಮನಸಾರೆ ಮೆಚ್ಚುತ್ತೇನೆ.

ಹಾಗಾದರೆ ಎಲ್ಲವನ್ನೂ ಹೊತ್ತಿನ ಕ್ರಮಕ್ಕೆ ಹಾಕಿಬಿಟ್ಟರೆ? ಆರು ತಿಂಗಳು ಹಾಗೆಯೇ ಬಳಸಿದೆ. ದಿನಕ್ಕೆ 30 ಪೋಸ್ಟ್ ಹಾಕುವ ಸುದ್ದಿ ಖಾತೆಗಳು ಮನೆಯವರನ್ನೆಲ್ಲ ಮುಳುಗಿಸಿದವು. ಹೆಚ್ಚು ಕೂಗುವವರೇ ಗೆಲ್ಲುವುದು ಅಲ್ಲಿಯೂ ತಪ್ಪಲಿಲ್ಲ. 2020ರ ಅಮೆರಿಕ ಚುನಾವಣೆ ವೇಳೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಬಳಕೆದಾರರ ಮೇಲೆ ನಡೆದ ಪ್ರಯೋಗದ ವರದಿ 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಹೊತ್ತಿನ ಕ್ರಮದ ಫೀಡ್ ಕೊಟ್ಟವರು ಆಪ್‌ನಲ್ಲಿ ಕಳೆಯುವ ಸಮಯ ಕಡಿಮೆಯಾಯಿತು, ನಂಬಲಾಗದ ಮೂಲಗಳ ಪೋಸ್ಟ್‌ಗಳ ಪಾಲು ಹೆಚ್ಚಾಯಿತು, ಮೂರು ತಿಂಗಳಲ್ಲಿ ಅವರ ರಾಜಕೀಯ ನಿಲುವಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸಮಯ ಕಡಿಮೆಯಾದ ಆ ಒಂದು ಅಂಶ ಸಾಕು, ಕಂಪನಿಗಳು ಈ ಆಯ್ಕೆಯನ್ನು ಯಾಕೆ ಮೆನುವಿನ ಒಳಗೆ ಬಚ್ಚಿಡುತ್ತವೆ ಎಂದು ತಿಳಿಯಲು.

ನನಗೆ ಕೊನೆಗೆ ಒಗ್ಗಿದ್ದು ಫೇವರಿಟ್ಸ್ ಪಟ್ಟಿ. ಇವರು ಬರೆದರೆ ನನಗೆ ಮೊದಲು ತೋರಿಸು ಎಂದು ಹೆಸರು ಹಿಡಿದು ಹೇಳುವ ಸೌಲಭ್ಯ. 34 ಜನರನ್ನು ಸೇರಿಸಿದ್ದೇನೆ. ಲೈಕ್ ಬೀಳಲಿ ಬಿಡಲಿ ಅವರ ಪೋಸ್ಟ್ ಬರುತ್ತದೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಬೆರಳು ಎಲ್ಲಿ ನಿಂತಿತು ಎಂದು ಊಹಿಸುವುದಕ್ಕೂ ನನ್ನ ಬಾಯಿಂದಲೇ ಕೇಳುವುದಕ್ಕೂ ಇರುವ ಅಂತರ ಇಲ್ಲಿ ಗೊತ್ತಾಗುತ್ತದೆ. ಕೊರತೆ ಏನೆಂದರೆ ಆಪ್ ಪ್ರತಿ ಸಲ ತೆರೆಯುವುದು ಶಿಫಾರಸಿನ ಫೀಡಿನಲ್ಲೇ. ಪ್ರತಿ ಸಲವೂ ನಾನೇ ಮೇಲೆ ಒತ್ತಿ, ಪಟ್ಟಿ ಆರಿಸಿಕೊಳ್ಳಬೇಕು. ಐರೋಪ್ಯ ಒಕ್ಕೂಟದ ಡಿಜಿಟಲ್ ಸರ್ವಿಸಸ್ ಆಕ್ಟ್ ಪ್ರಕಾರ ದೊಡ್ಡ ಜಾಲತಾಣಗಳು ನಮ್ಮ ನಡವಳಿಕೆ ಗಮನಿಸಿ ಜಾತಕ ಬರೆಯದೆ ಆರಿಸಿದ ಫೀಡ್ ಒಂದನ್ನಾದರೂ ಕೊಡಲೇಬೇಕು. 2023ರ ಆಗಸ್ಟ್‌ನಿಂದ ಅದು ಜಾರಿಯಲ್ಲಿದೆ. ಒಮ್ಮೆ ಆರಿಸಿದ ಮೇಲೆ ಆ ಆಯ್ಕೆ ಹಾಗೆಯೇ ಉಳಿಯಬೇಕು ಎಂಬುದನ್ನೂ ಎಲ್ಲ ಕಡೆ ನಿಯಮ ಮಾಡಬೇಕೆಂದು ನಾನು ಒತ್ತಾಯಿಸುತ್ತೇನೆ.

ಗೆಳತಿ ಆ 34ರಲ್ಲಿ ಮೊದಲನೆಯವಳು. ಕಳೆದ ವಾರ ಅವಳು ಹೊಸ ಕೆಲಸದ ಮೊದಲ ದಿನದ ಫೋಟೊ ಹಾಕಿದಳು, ಕೊರಳಲ್ಲಿ ಗುರುತಿನ ಚೀಟಿ, ಮುಖದ ತುಂಬ ನಗು. ನಾನು ಪಟ್ಟಿ ತೆರೆಯುವ ಮೊದಲೇ ಅದು ಶಿಫಾರಸಿನ ಫೀಡಿನಲ್ಲಿ ಎಲ್ಲಕ್ಕಿಂತ ಮೇಲೆ ಬಂದಿತ್ತು. ಹಾಕಿ ಆಗಿನ್ನೂ 40 ನಿಮಿಷ. ಕೆಳಗೆ 212 ಲೈಕು.