‘ಫುಲ್ ಸರ್ವಿಸ್ ಆಗಿದೆ’ ಅಂದ ಎಸ್‌ಯುವಿಯ ಹಿಂದಿನ ಆಕ್ಸಲ್‌ನಲ್ಲಿ ಎಣ್ಣೆಯೇ ಇರಲಿಲ್ಲ

ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಂಡವರು, ಕೊಳ್ಳಬೇಕು ಅಂತ ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಾರುವವರು ಎಲ್ಲಾ ಸರ್ವಿಸ್ ಮಾಡಿಸಿದ್ದೇವೆ ಅನ್ನುತ್ತಾರೆ. ಬಹಳ ಸಲ ಮಾಡಿಸಿರುವುದು ಎಂಜಿನ್ ಆಯಿಲ್ ಮಾತ್ರ. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಅದನ್ನು ಬಿಟ್ಟು ಸಾಮಾನ್ಯವಾಗಿ ಇನ್ನೂ ನಾಲ್ಕು ಕಡೆ ಎಣ್ಣೆ ಇರುತ್ತದೆ: ಗೇರ್‌ಬಾಕ್ಸ್, ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಡಿಫರೆನ್ಷಿಯಲ್ ಅಂದರೆ ಎಡ ಬಲ ಚಕ್ರಗಳ ಮಧ್ಯೆ ಕೂತು ಎರಡಕ್ಕೂ ಶಕ್ತಿ ಹಂಚುವ ಹಲ್ಲುಚಕ್ರಗಳ ಡಬ್ಬಿ. ಡಿಫರೆನ್ಷಿಯಲ್‌ನಲ್ಲಿ ಎಣ್ಣೆ ಖಾಲಿಯಾದರೆ ಡ್ಯಾಶ್‌ಬೋರ್ಡಿನಲ್ಲಿ ಯಾವ ಲೈಟೂ ಉರಿಯುವುದಿಲ್ಲ. ಗಾಡಿ ಸುಮ್ನೆ ಓಡುತ್ತಾ ಇರುತ್ತದೆ, ಒಂದು ದಿನ ನಿಲ್ಲುತ್ತದೆ.

ನಮ್ಮದು ಹಾಗೆಯೇ ನಿಂತಿತು.

ಹಳೇ ಗಾಡಿ ಮಾರುವ ಒಬ್ಬ ಡೀಲರ್ ಹತ್ತಿರ ತೆಗೆದುಕೊಂಡಿದ್ದು. ಹೆಸರು ಬೇಡ. ಡೀಸೆಲ್ ಗಾಡಿ, ಫೋರ್ ವೀಲ್ ಡ್ರೈವ್, ನೋಡೋಕೆ ಚೆನ್ನಾಗಿತ್ತು. ಬಾನೆಟ್ ಎತ್ತಿದರೆ ಒಳಗೆಲ್ಲಾ ಫಳಫಳ. ಡಿಪ್‌ಸ್ಟಿಕ್ ಎಳೆದರೆ ಹೊಸ ಎಣ್ಣೆ. ಕೆಳಗೆ ಬಗ್ಗಿ ನೋಡಿದರೆ ಚಾಸಿ, ಆಕ್ಸಲ್ ಎಲ್ಲಾ ಕಡೆ ಹೊಸದಾಗಿ ಕಪ್ಪು ಬಣ್ಣ ಬಳಿದಿತ್ತು. ‘ಫುಲ್ ಸರ್ವಿಸ್ ಆಗಿದೆ ಸಾರ್, ಡೀಸೆಲ್ ಹಾಕ್ಕೊಂಡು ಓಡಿಸ್ತಾ ಇರಿ, ಇನ್ನೊಂದು ವರ್ಷ ಏನೂ ಮುಟ್ಟೋದು ಬೇಡ’ ಅಂದರು. ಟೆಸ್ಟ್ ಡ್ರೈವ್ ಊರೊಳಗಿನ ಟ್ರಾಫಿಕ್‌ನಲ್ಲೇ ಮುಗಿಯಿತು. ಅಷ್ಟು ನಿಧಾನದಲ್ಲಿ ಯಾವ ಸದ್ದೂ ಕೇಳಿಸುವುದಿಲ್ಲ.

ಹೆದ್ದಾರಿಗೆ ಹತ್ತಿದ ಮೇಲೆ 70ರ ಹತ್ತಿರ ಹಿಂದಿನಿಂದ ಒಂದು ಗುಂಯ್ ಅನ್ನುವ ಸದ್ದು ಶುರುವಾಯಿತು. ಟೈರ್ ಅಂಗಡಿಯವರು ಟೈರ್ ಸದ್ದು ಅಂದರು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲಾ ಮಾಡಿ ಕಳಿಸಿದರು. ಸದ್ದು ಹೋಗಲಿಲ್ಲ. ಸದ್ದಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಯಾರೂ ನಿಮ್ಮನ್ನು ಸುತ್ತಾಡಿಸೋಕೆ ಆಗುವುದಿಲ್ಲ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಹೋದಾಗ ಸದ್ದು ಬದಲಾದರೆ ಅದು ಹೆಚ್ಚಾಗಿ ಟೈರ್. ಸ್ಟೀರಿಂಗ್ ಎಡಕ್ಕೋ ಬಲಕ್ಕೋ ಸ್ವಲ್ಪ ತಿರುಗಿಸಿದಾಗ ಸದ್ದು ಜಾಸ್ತಿ ಕಡಿಮೆ ಆದರೆ ವೀಲ್ ಬೇರಿಂಗ್ ಮೇಲೆ ಅನುಮಾನ ಪಡಿ. ಆಕ್ಸಿಲರೇಟರ್ ಒತ್ತಿದಾಗ ಒಂದು ತರ, ಕಾಲು ತೆಗೆದ ತಕ್ಷಣ ಇನ್ನೊಂದು ತರ ಕೇಳಿಸಿದರೆ ಅದು ಡಿಫರೆನ್ಷಿಯಲ್ ಕಡೆಯದು. ಒತ್ತಿದಾಗ ಹಲ್ಲಿನ ಒಂದು ಮುಖದ ಮೇಲೆ ಭಾರ ಬೀಳುತ್ತದೆ, ಬಿಟ್ಟಾಗ ಇನ್ನೊಂದು ಮುಖದ ಮೇಲೆ, ಅದಕ್ಕೇ ಸ್ವರ ಬದಲಾಗುವುದು. ನಮ್ಮ ಗಾಡಿಯಲ್ಲಿ ಕಾಲು ತೆಗೆದರೆ ಸದ್ದು ಪೂರ್ತಿ ನಿಂತೇ ಹೋಗುತ್ತಿತ್ತು, ಮತ್ತೆ ಒತ್ತಿದರೆ ಹಾಜರ್. ಇಷ್ಟು ಸ್ಪಷ್ಟವಾಗಿ ಗಾಡಿಯೇ ಹೇಳುತ್ತಿದ್ದರೂ ಟೈರ್ ಟೈರ್ ಅಂತ ಕೂತಿದ್ದರು.

ಆಮೇಲೆ ಒಂದು ದೂರದ ದಾರಿಯಲ್ಲಿ, ಮನೆಯವರೆಲ್ಲಾ ಗಾಡಿಯಲ್ಲಿದ್ದಾಗ, ಆ ಗುಂಯ್ ಅನ್ನುವುದು ಕೂಗಾಟ ಆಯಿತು, ಜೊತೆಗೆ ಗಂಧಕ ಸುಟ್ಟಂಥ ಗಬ್ಬು ವಾಸನೆ. ಗೇರ್ ಆಯಿಲ್‌ಗೆ ಗಂಧಕದ ಅಂಶ ಬೆರೆಸಿರುತ್ತಾರೆ, ಸುಟ್ಟರೆ ಆ ವಾಸನೆ ಬರುತ್ತದೆ. ಗಾಡಿ ಬದಿಗೆ ಹಾಕಿ ಇಳಿದು ನೋಡಿದರೆ ಹಿಂದಿನ ಆಕ್ಸಲ್ ಮಧ್ಯದ ಗುಂಡು, ಅಂದರೆ ಡಿಫರೆನ್ಷಿಯಲ್ ಹೌಸಿಂಗ್, ಹತ್ತಿರ ಕೈ ಇಡೋಕೆ ಆಗದಷ್ಟು ಕಾದಿತ್ತು. ಮುಂದಕ್ಕೆ ಓಡಿಸಲಿಲ್ಲ, ಟೋಯಿಂಗ್ ಗಾಡಿ ಕರೆಸಿದೆವು. ಎಣ್ಣೆಯಿಲ್ಲದೆ ಇನ್ನಷ್ಟು ದೂರ ಓಡಿಸಿದ್ದರೆ ಪಿನಿಯನ್ (ಡಿಫರೆನ್ಷಿಯಲ್ ಒಳಕ್ಕೆ ಶಕ್ತಿ ತರುವ ಸಣ್ಣ ಹಲ್ಲುಚಕ್ರ) ಬೇರಿಂಗ್ ಹಿಡಿದುಕೊಂಡು ಹಿಂದಿನ ಚಕ್ರ ಓಡುವಾಗಲೇ ಲಾಕ್ ಆಗಬಹುದಿತ್ತು. ಆ ವೇಗದಲ್ಲಿ ಅದೇನು ಆಗುತ್ತಿತ್ತೋ ಯೋಚಿಸೋಕೂ ಇಷ್ಟ ಇಲ್ಲ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಮೊದಲು ಕೈ ಹಾಕಿದ್ದು ಮೇಲಿನ ಫಿಲ್ಲರ್ ಪ್ಲಗ್‌ಗೆ. ಇದು ನೆನಪಿಡಿ, ಯಾವಾಗಲೂ ತುಂಬಿಸುವ ಪ್ಲಗ್ ಮೊದಲು ಬಿಚ್ಚಬೇಕು. ಕೆಳಗಿನದು ಬಿಚ್ಚಿ ಎಣ್ಣೆ ಎಲ್ಲಾ ಸುರಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರಲೇ ಇಲ್ಲ ಅಂದರೆ ಗಾಡಿ ಅಲ್ಲೇ. ನಮ್ಮದರಲ್ಲಿ ಪ್ಲಗ್‌ನ ಮೂಲೆಗಳೆಲ್ಲಾ ಸವೆದಿದ್ದವು, ಪೈಪ್ ಸ್ಪ್ಯಾನರ್ ಹಲ್ಲಿನ ಹಳೇ ಗುರುತುಗಳ ಮೇಲೇ ಹೊಸ ಕಪ್ಪು ಬಣ್ಣ ಕೂತಿತ್ತು. ಅಂದರೆ ಯಾರೋ ಯಾವತ್ತೋ ಬಿಚ್ಚೋಕೆ ನೋಡಿ, ಬರದೆ, ಬಿಟ್ಟಿದ್ದಾರೆ. ಕಾಯಿಸಿ, ಸುತ್ತಿಗೆಯಲ್ಲಿ ಬಡಿದು, ಕೊನೆಗೆ ಪ್ಲಗ್ ಬಂತು. ಎಣ್ಣೆ ಸರಿಯಿದ್ದರೆ ಆ ತೂತಿನ ಕೆಳ ಅಂಚಿನ ತನಕ ಇರಬೇಕು, ಬೆರಳು ಹಾಕಿ ಮಡಚಿದರೆ ತಾಗಬೇಕು. ಮೆಕ್ಯಾನಿಕ್ ಬೆರಳು ಒಣಗಿಯೇ ಹೊರಗೆ ಬಂತು. ಕೆಳಗಿನ ಪ್ಲಗ್ ಬಿಚ್ಚಿದಾಗ ಇಳಿದಿದ್ದು ಬೂದು ಬಣ್ಣದ ಕೆಸರು, ಒಂದು ಲೋಟ ಆಗುವಷ್ಟೂ ಇರಲಿಲ್ಲ. ಅದನ್ನು ಎರಡು ಬೆರಳಿನ ಮಧ್ಯೆ ತಿಕ್ಕಿ ಬೆಳಕಿಗೆ ಹಿಡಿದು ತೋರಿಸಿದರು, ಬೆರಳ ತುಂಬಾ ಮಿನುಗುವ ಪುಡಿ. ಈ ಕೆಳಗಿನ ಡ್ರೇನ್ ಪ್ಲಗ್ ತುದಿಯಲ್ಲಿ ಸಾಮಾನ್ಯವಾಗಿ ಮ್ಯಾಗ್ನೆಟ್ ಇರುತ್ತದೆ. ಅದರ ಮೇಲೆ ನುಣ್ಣನೆ ಬೂದು ಪೇಸ್ಟ್ ಸ್ವಲ್ಪ ಇದ್ದರೆ ಮಾಮೂಲಿ, ಹಲ್ಲು ಸವೆದೇ ಸವೆಯುತ್ತದೆ. ನಮ್ಮದರಲ್ಲಿ ಉಗುರಿನಷ್ಟು ದೊಡ್ಡ ಚಕ್ಕೆಗಳು ಕಚ್ಚಿಕೊಂಡಿದ್ದವು.

ಕಾರಣ ಪಿನಿಯನ್ ಆಯಿಲ್ ಸೀಲ್. ಎಂಜಿನ್ ಕಡೆಯಿಂದ ಶಕ್ತಿ ತರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಜಾಗದಲ್ಲಿ ಇರುವ ಸಣ್ಣ ರಬ್ಬರ್ ರಿಂಗ್. ಅಲ್ಲಿಂದ ಬಹಳ ಕಾಲದಿಂದ ಎಣ್ಣೆ ಜಿನುಗಿ ಜಿನುಗಿ ಖಾಲಿಯಾಗಿದೆ. ಜಿನುಗಿದ ಕಡೆ ಧೂಳು ಅಂಟಿ ಕಪ್ಪು ಜಿಡ್ಡು ಕಟ್ಟಿರಬೇಕಿತ್ತು, ಯಾರು ನೋಡಿದರೂ ಗೊತ್ತಾಗುತ್ತಿತ್ತು. ಅದನ್ನೆಲ್ಲಾ ತೊಳೆದು ಬಣ್ಣ ಬಳಿದಿದ್ದರು. ಹಳೇ ಗಾಡಿಯ ಕೆಳಗೆ ಹೊಸ ಬಣ್ಣ ಕಂಡರೆ ನನಗೆ ಈಗ ತುಕ್ಕು ಹಿಡಿದ ಗಾಡಿಗಿಂತ ಜಾಸ್ತಿ ಭಯ. ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಹಲ್ಲುಚಕ್ರ) ಮತ್ತು ಪಿನಿಯನ್ ಜೋಡಿಯಾಗಿಯೇ ತಯಾರಾಗುತ್ತವೆ, ಒಂದು ಹಾಳಾದರೂ ಎರಡೂ ಬದಲಾಯಿಸಬೇಕು, ಮತ್ತೆ ಬೇರಿಂಗ್‌ಗಳು, ಸೀಲು, ಹಲ್ಲಿನ ಮಧ್ಯದ ಸಡಿಲ ಅಳೆದು ಶಿಮ್ ಅನ್ನುವ ತೆಳು ಲೋಹದ ಬಿಲ್ಲೆ ಹಾಕಿ ಕೂರಿಸುವ ಕೂಲಿ. ಒಂದು ಸೀಲು ಮತ್ತು ಒಂದಿಷ್ಟು ಎಣ್ಣೆಯಲ್ಲಿ ಮುಗಿಯಬೇಕಾಗಿದ್ದ ಕೆಲಸ ಇದು.

ಡೀಲರ್‌ಗೆ ಫೋನ್ ಮಾಡಿ ಫುಲ್ ಸರ್ವಿಸ್‌ನ ಬಿಲ್ ಕಳಿಸಿ ಅಂದೆ. ಬಹಳ ಒತ್ತಾಯ ಮಾಡಿದ ಮೇಲೆ ಬಂತು. ಅದರಲ್ಲಿ ಇದ್ದದ್ದು ಮೂರೇ ಸಾಲು: ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ವಾಟರ್ ವಾಶ್. ಕೇಳಿದರೆ ‘ಕ್ರೌನ್ ಆಯಿಲ್ ಎಲ್ಲಾ ಯಾರು ಚೇಂಜ್ ಮಾಡಿಸ್ತಾರೆ ಸಾರ್, ಅದು ಲೈಫ್ ಟೈಮ್’ ಅಂದರು. ಯಾರ ಲೈಫ್ ಟೈಮೋ! ಮಾರೋ ತನಕದ ಲೈಫ್ ಟೈಮ್ ಇರಬೇಕು.

ಇಷ್ಟಾದ ಮೇಲೆ ಮಿಕ್ಕಿದ್ದನ್ನೂ ಒಂದೊಂದಾಗಿ ಬಿಚ್ಚಿಸಿದೆ. ಮುಂದಿನ ಡಿಫರೆನ್ಷಿಯಲ್‌ನಲ್ಲಿ ಎಣ್ಣೆ ಇತ್ತು, ಆದರೆ ಹಾಲಿನಷ್ಟು ಬಿಳುಚಿಕೊಂಡಿತ್ತು, ಅಂದರೆ ನೀರು ಸೇರಿದೆ. ಆಕ್ಸಲ್ ಮೇಲೆ ಒಂದು ಸಣ್ಣ ಬ್ರೀದರ್ ಪೈಪ್ ಇರುತ್ತದೆ. ಅದು ಮಣ್ಣು ತುಂಬಿ ಕಟ್ಟಿಕೊಂಡಿದ್ದಾಗ ಬಿಸಿ ಆಕ್ಸಲ್ ನೀರಿಗಿಳಿದರೆ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿ, ಸೀಲ್ ಸಂದಿಯಿಂದಲೇ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊಳೆ ಹಳ್ಳ ದಾಟಿದ ಗಾಡಿಗಳಲ್ಲಿ ಇದನ್ನು ಖಂಡಿತಾ ನೋಡಿಸಿ. ಬ್ರೇಕ್ ಆಯಿಲ್ ಟೀ ಬಣ್ಣಕ್ಕೆ ತಿರುಗಿತ್ತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತಾ ಹೋಗುತ್ತದೆ, ಡಾಟ್ 4 ಅನ್ನುವ ದರ್ಜೆಯದು ಹೊಸದಿದ್ದಾಗ ಕುದಿಯೋಕೆ ಕನಿಷ್ಠ 230 ಡಿಗ್ರಿ ಬೇಕು, 3.7 ಶೇಕಡ ನೀರು ಸೇರಿದ ಮೇಲೆ 155 ಡಿಗ್ರಿ ಆದರೂ ನಿಯಮದ ಪ್ರಕಾರ ಸಾಕು. ಎರಡು ಟನ್ ಹತ್ತಿರದ ಗಾಡಿಯಲ್ಲಿ ಉದ್ದನೆಯ ಘಾಟಿ ಇಳಿಯುವಾಗ ಆ ಬಿಸಿ ಬರೋದು ದೊಡ್ಡ ಮಾತಲ್ಲ. ಒಮ್ಮೆ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಈ ತಲೆನೋವೇ ಇಲ್ಲ.

ಎಂಜಿನ್ನಿನ ವಾಲ್ವ್, ಪಿಸ್ಟನ್‌ಗಳನ್ನು ಒಂದೇ ತಾಳದಲ್ಲಿ ಇಡುವ ಟೈಮಿಂಗ್ ಬೆಲ್ಟ್ ಬಗ್ಗೆ ಯಾವ ದಾಖಲೆಯೂ ಇರಲಿಲ್ಲ. ದಾಖಲೆ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ. ಎಂಜಿನ್ ನೋಡಿಕೊಂಡು ಸುಮಾರು 1 ಲಕ್ಷದಿಂದ 1.6 ಲಕ್ಷ ಕಿ.ಮೀ. ಒಳಗೆ, ಇಲ್ಲವೇ ಕಂಪನಿ ಹೇಳಿದ ವರ್ಷಗಳೊಳಗೆ, ಯಾವುದು ಮೊದಲೋ ಆಗ ಹಾಕಿಸಬೇಕು. ಹೆಚ್ಚಿನ ಡೀಸೆಲ್ ಎಂಜಿನ್‌ಗಳಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಎಂಜಿನ್ ಕತೆ ಅಲ್ಲಿಗೆ ಮುಗಿಯಿತು. ಬೆಲ್ಟ್ ಬದಲು ಚೈನ್ ಇರುವ ಎಂಜಿನ್ ಆದರೆ ಸಾಮಾನ್ಯವಾಗಿ ಈ ಖರ್ಚಿಲ್ಲ, ಆದರೂ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಗಲಗಲ ಅನ್ನುತ್ತದಾ ಅಂತ ಕೇಳಿಸಿಕೊಳ್ಳಿ.

ಇನ್ನೊಂದು ಮೋಸ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ ‘ಯಾವ ಕೋಡೂ ಇಲ್ಲ ನೋಡಿ ಸಾರ್’ ಅಂತ ತೋರಿಸುತ್ತಾರೆ. ಕೋಡ್ ಅಳಿಸೋಕೆ ಅದೇ ಸ್ಕ್ಯಾನರ್‌ನಲ್ಲಿ ಒಂದು ಬಟನ್ ಸಾಕು. ಅದರಲ್ಲೇ ರೆಡಿನೆಸ್ ಮಾನಿಟರ್ ಅಂತ ಇನ್ನೊಂದು ಪುಟ ಇರುತ್ತದೆ, ಗಾಡಿ ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳಲ್ಲಿ ಯಾವುದು ಮುಗಿದಿದೆ ಅಂತ ಅಲ್ಲಿ ಕಾಣುತ್ತದೆ, ಅದನ್ನು ತೆಗೆಸಿ ನೋಡಿ. ಕೋಡ್ ಅಳಿಸಿದರೆ ಅಥವಾ ಬ್ಯಾಟರಿ ಬಿಚ್ಚಿದರೆ ಆ ಪರೀಕ್ಷೆಗಳೆಲ್ಲಾ ಮೊದಲಿನಿಂದ ಶುರುವಾಗುತ್ತವೆ, ಗಾಡಿ ಒಂದಿಷ್ಟು ಓಡಿದ ಮೇಲೇ ಮುಗಿಯುತ್ತವೆ. ಹೆಚ್ಚಿನವು ಮುಗಿದಿಲ್ಲ ಅಂತ ತೋರಿಸಿದರೆ ಇತ್ತೀಚೆಗೆ ಯಾರೋ ಏನೋ ಅಳಿಸಿದ್ದಾರೆ ಅಂತ ಅನುಮಾನ ಪಡಿ. ನಮ್ಮ ಗಾಡಿಯಲ್ಲಿ ಕೆಲವೇ ದಿನಕ್ಕೆ ಚೆಕ್ ಎಂಜಿನ್ ಲೈಟ್ ತಾನಾಗೇ ವಾಪಸ್ ಬಂತು.

ಟೈರ್ ಬಗ್ಗೆ ಚಿಕ್ಕದಾಗಿ. ಬದಿಯಲ್ಲಿ ಇಂಗ್ಲಿಷಿನಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ, 3516 ಅಂತಿದ್ದರೆ 2016ರ 35ನೇ ವಾರ ತಯಾರಾಗಿದ್ದು. ಟೈರಿನ ಗೀರುಗಳ ಆಳ ಚೆನ್ನಾಗಿದ್ದರೂ ರಬ್ಬರ್ ಹಳತಾಗಿರುತ್ತದೆ, ಸ್ಟೆಪ್ನಿಯದ್ದಂತೂ ಯಾರೂ ನೋಡುವುದೇ ಇಲ್ಲ. ನಾಲ್ಕೂ ಚಕ್ರಕ್ಕೆ ಯಾವಾಗಲೂ ಶಕ್ತಿ ಹೋಗುವ ಗಾಡಿಯಾದರೆ ಎರಡು ಹೊಸ, ಎರಡು ಸವೆದ ಟೈರ್ ಹಾಕಬೇಡಿ. ಸುತ್ತಳತೆ ಬೇರೆ ಬೇರೆ ಆಗಿ ಮುಂದಿನ ಹಿಂದಿನ ಚಕ್ರಗಳನ್ನು ಜೋಡಿಸುವ ಮಧ್ಯದ ಕಪ್ಲಿಂಗ್ ಒಂದೇ ಸಮನೆ ಎಳೆದಾಡಿ ಹಾಳಾಗಬಹುದು.

ಏರ್‌ಬ್ಯಾಗ್ ರೀಕಾಲ್ ಕೂಡ ಮರೆಯಬೇಡಿ. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳನ್ನು ಉಬ್ಬಿಸುವ ಇನ್‌ಫ್ಲೇಟರ್ ಶಾಖ, ತೇವದಲ್ಲಿ ಹಾಳಾಗಿ ಸಿಡಿದು ಲೋಹದ ಚೂರು ಎರಚಿ ಜನ ಸತ್ತಿದ್ದಾರೆ, ಕೋಟಿಗಟ್ಟಲೆ ಗಾಡಿಗಳನ್ನು ವಾಪಸ್ ಕರೆದರು. ರೀಕಾಲ್ ಪತ್ರ ಹಳೇ ಓನರ್ ವಿಳಾಸಕ್ಕೆ ಹೋಗಿರಬಹುದು, ನಿಮಗೆ ಬಂದಿರುವುದಿಲ್ಲ. 17 ಅಕ್ಷರದ ಚಾಸಿ ನಂಬರ್ ಕೊಟ್ಟು ಕಂಪನಿಯಲ್ಲಿ ಕೇಳಿ, ರೀಕಾಲ್ ಬಾಕಿ ಇದ್ದರೆ ಸಾಮಾನ್ಯವಾಗಿ ಉಚಿತವಾಗಿ ಮಾಡಿಕೊಡುತ್ತಾರೆ.

ಗ್ಯಾರೇಜಿಗೆ ಹೋದಾಗ ‘ಜನರಲ್ ಚೆಕಪ್ ಮಾಡಿ’ ಅನ್ನಬೇಡಿ. ತೊಳೆದು ಕೊಡುತ್ತಾರೆ. ಎರಡೂ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್, ಗೇರ್‌ಬಾಕ್ಸ್ ಎಣ್ಣೆ ಇಳಿಸಿ ನನಗೆ ತೋರಿಸಿ, ಮ್ಯಾಗ್ನೆಟ್ ತೋರಿಸಿ, ಆಮೇಲೆ ಹೊಸದು ಹಾಕಿ ಅನ್ನಿ. ಎಲ್ಲಾ ಕಡೆ ಒಂದೇ ಡಬ್ಬದಿಂದ ಸುರಿಯೋಕೆ ಬಿಡಬೇಡಿ. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕು, ಅದನ್ನೇ ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಹಾಕಿದರೆ ಕೆಲವು ಗಾಡಿಗಳಲ್ಲಿ ಗೇರ್ ಸಲೀಸಾಗಿ ಬೀಳಲು ಒಳಗಿರುವ ಹಿತ್ತಾಳೆ ಸಿಂಕ್ರೋ ರಿಂಗನ್ನು ತಿನ್ನುತ್ತದೆ, ಇನ್ನು ಕೆಲವು ಟ್ರಾನ್ಸ್‌ಫರ್ ಕೇಸ್‌ಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆಯೇ ಬೇಕು. ಓನರ್ ಮ್ಯಾನುಯಲ್ ತೆರೆದು ಇಟ್ಟುಕೊಂಡೇ ಹೋಗಿ. ನಿಮ್ಮದರಲ್ಲೂ ಕ್ರೌನ್-ಪಿನಿಯನ್ ಹೊಸದು ಹಾಕಿಸಬೇಕಾಗಿ ಬಂದರೆ ಸುಮಾರು 800 ಕಿ.ಮೀ. ಆದ ಮೇಲೆ ಆ ಎಣ್ಣೆಯನ್ನು ಮತ್ತೊಮ್ಮೆ ಬದಲಾಯಿಸಬೇಕು, ಹೊಸ ಹಲ್ಲಿನ ಪುಡಿ ಅದರಲ್ಲಿ ಇಳಿದಿರುತ್ತದೆ. ಅದನ್ನು ಬಿಲ್ ಮೇಲೆ ಕಿ.ಮೀ. ಸಮೇತ ಬರೆಸಿಕೊಳ್ಳಿ, ಬಾಯಿಮಾತಲ್ಲಿ ಹೇಳಿದರೆ ಆ ಗ್ಯಾರೇಜಿನವರೂ ಮರೆಯುತ್ತಾರೆ.