ಕೂಸಿನ ಮನೆ: ದುಡಿಯುವ ತಾಯಂದಿರ ಸೀಮೆಯಲ್ಲಿ ಒಂದು ಸೇವೆಯ ವಿಮರ್ಶೆ

ರಾಜ್ಯ ಸರ್ಕಾರವು 2023-24ರ ಆಯವ್ಯಯದಲ್ಲಿ ಘೋಷಿಸಿ, 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯಲು ಮುಂದಾದ ‘ಕೂಸಿನ ಮನೆ’ಯನ್ನು, ಅಂದರೆ ದುಡಿಯುವ ತಾಯಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳುವ ಕೇಂದ್ರವನ್ನು, ಹೆಚ್ಚಿನವರು ಮಕ್ಕಳ ಕಲ್ಯಾಣದ ಯೋಜನೆಯೆಂದೇ ಗುರುತಿಸುತ್ತಾರೆ. ರಾಯಚೂರು ಜಿಲ್ಲೆಯ ಒಂದು ಪಂಚಾಯಿತಿಯ ಕೇಂದ್ರವನ್ನು ಹತ್ತಿ ಬಿಡಿಸುವ ಹಂಗಾಮಿನಲ್ಲಿ ನೋಡಿದ ಮೇಲೆ, ಕಾಲುವೆ ಮತ್ತು ರಸ್ತೆಗಳ ಸಾಲಿನಲ್ಲಿಟ್ಟು ಅಳೆಯಬೇಕಾದ ಸೌಕರ್ಯವಿದು ಎಂಬ ಅಭಿಪ್ರಾಯ ನನ್ನದಾಗಿದೆ. ಈ ವಿಮರ್ಶೆಯಲ್ಲಿ ಅದನ್ನು ಆ ಅಳತೆಯಿಂದಲೇ ನೋಡಿದ್ದೇನೆ.

ಮೊದಲಿಗೆ, ಈ ಸೇವೆ ತುಂಬಲು ಹೊರಟಿರುವ ಕೊರತೆ ಯಾವುದೆಂದು ನೋಡಬೇಕು. ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆದರೆ ಅಲ್ಲಿ ಕುಳಿತು ಆಡಿ ಕಲಿಯುವ ಅವಕಾಶ ಸಾಮಾನ್ಯವಾಗಿ ಮೂರು ವರ್ಷ ತುಂಬಿದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಸಿಗುತ್ತದೆಯೇ ಹೊರತು ಹಗಲಿನ ಆರೈಕೆ ಸಿಗುವುದಿಲ್ಲ. ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೂ, ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಅದು ಇರಬೇಕು ಮತ್ತು ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಬಹುದೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯೂ ಹೇಳುತ್ತಿದ್ದವು. ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ ಎಂದು ಓಡಾಡುವ ಕೂಲಿಕಾರಳಿಗೆ ಈ ಎರಡೂ ಕಾನೂನುಗಳಿಂದ ಪ್ರಯೋಜನವಿರಲಿಲ್ಲ. ಉದ್ಯೋಗ ಖಾತರಿ ಕಾಯ್ದೆಯಲ್ಲಿ ಮಾತ್ರ ಅವಳನ್ನು ನೆನೆದ ಒಂದು ಅಂಶವಿತ್ತು: ಕೆಲಸದ ಜಾಗಕ್ಕೆ ಬಂದ ಐದು ವರ್ಷದೊಳಗಿನ ಮಕ್ಕಳು ಐದು ಅಥವಾ ಹೆಚ್ಚಾದರೆ, ಅವರನ್ನು ನೋಡಿಕೊಳ್ಳಲು ಹೆಂಗಸರಲ್ಲೇ ಒಬ್ಬರನ್ನು ಕೂಲಿ ಕೊಟ್ಟು ನೇಮಿಸಬೇಕಿತ್ತು. ಆದರೆ ಬದು ಹಾಕುವ ಜಾಗದ ಜಾಲಿ ನೆರಳು ಕೂಸು ಮಲಗುವ ಸ್ಥಳವಲ್ಲ.

ನಾನು ನೋಡಿದ ಕೇಂದ್ರ ಒಂದು ಹಳೆಯ ಸರ್ಕಾರಿ ಕೋಣೆಯನ್ನು ದುರಸ್ತಿ ಮಾಡಿ ಸಜ್ಜುಗೊಳಿಸಿದ್ದು. ನೆಲ ಸ್ವಚ್ಛವಾಗಿದೆ, ತೊಲೆಗೆ ಕಟ್ಟಿದ ಸೀರೆಯ ಜೋಲಿಗಳು ಗಟ್ಟಿಯಾಗಿವೆ, ಕಾಯಿಸಿ ಆರಿಸಿದ ನೀರು ಮುಚ್ಚಿದ ಪಾತ್ರೆಯಲ್ಲಿದೆ, ಊಟ ಬಿಸಿಯಾಗಿರುತ್ತದೆ. ಆರೈಕೆಗೆ ಇದ್ದ ಇಬ್ಬರು ಮಹಿಳೆಯರೂ ಅದೇ ಊರಿನವರಾದ್ದರಿಂದ ಯಾವ ಮಗುವಿನ ಅಜ್ಜಿ ಯಾರು, ಯಾವುದಕ್ಕೆ ಯಾವ ಊಟ ಒಗ್ಗುವುದಿಲ್ಲ ಎಂಬುದೆಲ್ಲ ಅವರಿಗೆ ಗೊತ್ತಿತ್ತು.

ಇನ್ನು ದುಡ್ಡಿನ ಲೆಕ್ಕಕ್ಕೆ ಬರೋಣ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಇಬ್ಬರು ಆರೈಕೆದಾರರಿಗೆ ಈ ದರದಲ್ಲಿ ತಗಲುವುದು 740 ರೂಪಾಯಿ. ಅವರ ಭರವಸೆಯ ಮೇಲೆ ಹತ್ತು ತಾಯಂದಿರು ಕೆಲಸಕ್ಕೆ ಹೋದರೆ ಆ ಮನೆಗಳಿಗೆ ಸೇರುವುದು 3,700 ರೂಪಾಯಿ. ಉದ್ಯೋಗ ಖಾತರಿಯ ಕೂಲಿಯೂ ಸರ್ಕಾರದ ದುಡ್ಡೇ ತಾನೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕಾಗಿಯೇ ಹತ್ತಿಯ ಹೊಲವನ್ನು ನೋಡಬೇಕು. ಹತ್ತಿ ಬಿಡಿಸುವವರಿಗೆ ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುತ್ತದೆ. ಸಾಲಿನ ತುದಿಯಲ್ಲಿ ಮಲಗಿಸಿದ ಕೂಸು ಅತ್ತಾಗಲೆಲ್ಲ ಹಿಂದಿರುಗುವ ತಾಯಿಯ ಉಡಿ ಸಂಜೆಗೆ ಹಗುರವಾಗಿಯೇ ಇರುತ್ತದೆ, ಅರಳಿದ ಹತ್ತಿಯನ್ನು ಮಳೆಗೆ ಮುಂಚೆ ಬಿಡಿಸಿಕೊಳ್ಳಬೇಕಾದ ರೈತನಿಗೂ ಅಷ್ಟೇ ನಷ್ಟವಾಗುತ್ತದೆ. ಕೂಸು ಕೇಂದ್ರದಲ್ಲಿದ್ದರೆ ತಾಯಿಯ ತೂಕ ಹೆಚ್ಚುತ್ತದೆ, ರೈತನ ಮಾಲು ಕೆಡದೆ ಮಾರುಕಟ್ಟೆ ಸೇರುತ್ತದೆ, ಕೂಲಿಯ ಹಣ ವಾರದ ಸಂತೆಯಲ್ಲಿ ಕೈ ಬದಲಿಸುತ್ತದೆ.

ಈ ಲೆಕ್ಕಕ್ಕೆ ಸಿಗದ ಇನ್ನೊಬ್ಬಳಿದ್ದಾಳೆ, ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಶಾಲೆ ತಪ್ಪಿಸುವ ಅಕ್ಕ. ಹಂಗಾಮಿನ ತಿಂಗಳುಗಳಲ್ಲಿ ತರಗತಿಯಿಂದ ದೂರ ಉಳಿದ ಹುಡುಗಿ ಮುಂದೆ ಅದೇ ಹೊಲದ ಕೂಲಿಗೆ ಬರುತ್ತಾಳೆ. ಶಿಶುಪಾಲನೆಯ ಆರ್ಥಿಕ ಮಹತ್ವವನ್ನು ತಾಯಿಯ ಇಂದಿನ ಕೂಲಿಗಷ್ಟೇ ಸೀಮಿತಗೊಳಿಸಿದರೆ ಅದರ ಅತಿ ದೊಡ್ಡ ಭಾಗ ಕೈಬಿಟ್ಟಂತಾಗುತ್ತದೆ ಎಂದು ನಾನು ನಂಬುತ್ತೇನೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ದಿನಕ್ಕೆ ಐದು ಡಾಲರಿನ ಶಿಶುಪಾಲನೆ ಆರಂಭಿಸಿತು. ಅದರಿಂದಾಗಿ 2008ರ ಹೊತ್ತಿಗೆ ಸುಮಾರು 70 ಸಾವಿರ ತಾಯಂದಿರು ಹೆಚ್ಚುವರಿಯಾಗಿ ಉದ್ಯೋಗದಲ್ಲಿದ್ದರೆಂದು ಅಲ್ಲಿನ ಅರ್ಥಶಾಸ್ತ್ರಜ್ಞರು ಅಂದಾಜಿಸಿದರು. ಅಲ್ಲಿ ಸರ್ಕಾರಕ್ಕೆ ಖರ್ಚು ಆದಾಯ ತೆರಿಗೆಯ ರೂಪದಲ್ಲಿ ಮರಳಿ ಬರುತ್ತದೆ. ನಮ್ಮ ಕೂಲಿಕಾರಳು ಆದಾಯ ತೆರಿಗೆ ಕಟ್ಟುವವಳಲ್ಲ, ಹಾಗಾಗಿ ಇಲ್ಲಿ ಲಾಭವನ್ನು ತೀರಿದ ಸಾಲದಲ್ಲಿ, ಶಾಲೆಯ ಹಾಜರಿಯಲ್ಲಿ, ಗುಳೆ ಹೋಗದೆ ಊರಲ್ಲೇ ಉಳಿದ ಸಂಸಾರದಲ್ಲಿ ಹುಡುಕಬೇಕು.

ಕೊರತೆಗಳಲ್ಲಿ ಮುಖ್ಯವಾದದ್ದು ಸಮಯ. ಬಿಸಿಲು ಏರುವ ಮುಂಚೆಯೇ ಹೊಲಕ್ಕೆ ಹೊರಡುವ ತಾಯಿಗೆ, ಕಚೇರಿಯ ಹೊತ್ತಿಗೆ ಬಾಗಿಲು ತೆರೆಯುವ ಕೇಂದ್ರದಿಂದ ಅರ್ಧ ಉಪಯೋಗ ಮಾತ್ರ. ನಾನಿದ್ದಾಗ ಕೆಲವರು ಕೂಸನ್ನು ನೆರೆಮನೆಯ ಮುದುಕಿಯ ಬಳಿ ಬಿಟ್ಟು, ಆಕೆ ಅದನ್ನು ಆಮೇಲೆ ತಂದೊಪ್ಪಿಸುವ ಏರ್ಪಾಡು ಮಾಡಿಕೊಂಡಿದ್ದರು. ಎರಡನೆಯದು ಆರೈಕೆದಾರರ ಸರದಿ. ಒಂದು ಕುಟುಂಬಕ್ಕೆ ವರ್ಷಕ್ಕೆ ನೂರು ದಿನದ ಮಿತಿಯಿದ್ದ ಕೂಲಿಯಿಂದಲೇ ಅವರ ಸಂಬಳ ಹುಟ್ಟುವಂತೆ ಯೋಜನೆ ರೂಪುಗೊಂಡದ್ದರಿಂದ ತರಬೇತಿ ಪಡೆದವರೂ ಬದಲಾಗುತ್ತಲೇ ಇರಬೇಕಾಯಿತು. ಒಂದು ವರ್ಷದ ಕೂಸಿಗೆ ದಿನವೂ ಅದೇ ಮುಖ, ಅದೇ ದನಿ ಬೇಕು. ಅದು ಅಳದೆ ಉಳಿದರೆ ಮಾತ್ರ ತಾಯಿ ನಿಶ್ಚಿಂತೆಯಿಂದ ದುಡಿಯುತ್ತಾಳೆ. ಆರೈಕೆಯ ಕೆಲಸಕ್ಕೆ ಮಣ್ಣು ಹೊರುವ ಕೆಲಸದಷ್ಟೇ ಕೂಲಿ ಎಂದು ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆ, ನಿಜ. ಆದರೆ ತರಬೇತಿ ಬೇಡುವ ಈ ಹುದ್ದೆಗೆ ವರ್ಷವಿಡೀ ನಡೆಯುವ ಪ್ರತ್ಯೇಕ ಸಂಬಳ ಇಲ್ಲದಿದ್ದರೆ ನುರಿತವರು ಉಳಿಯುವುದಿಲ್ಲ.

ಈ ಕೊರತೆಗಳಿದ್ದರೂ, ಊರಿನಲ್ಲಿ ಕೂಸಿನ ಮನೆ ಇರುವ ತಾಯಂದಿರು ಅದನ್ನು ಬಳಸಬೇಕೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸೇರಿಸುವ ಮುನ್ನ ಒಂದು ದಿನ ಮಗುವಿನೊಂದಿಗೆ ಅಲ್ಲೇ ಕುಳಿತು ನೋಡುವುದು ಒಳ್ಳೆಯದು. ಬಾಗಿಲು ತೆರೆಯುವ ಹೊತ್ತನ್ನು ಹೊಲದ ಹೊತ್ತಿಗೆ ಹೊಂದಿಸಬೇಕೆಂಬ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಬರಹದಲ್ಲಿ ದಾಖಲಿಸಬೇಕು, ಅದಕ್ಕೆ ತಾಯಂದಿರ ಜೊತೆ ರೈತರೂ ಸಹಿ ಹಾಕಬೇಕು.