ಊಟಿಯಲ್ಲಿ ಅರ್ಧ ದಿನದ ಹಕ್ಕಿ ನಡಿಗೆ: ಗೈಡ್‌ಗೆ ಐದು ಸ್ಟಾರ್, ಬುಕಿಂಗ್‌ನವರಿಗೆ ಎರಡು

ಏಪ್ರಿಲ್‌ನಲ್ಲಿ ಮೈಸೂರಿನಿಂದ ಊಟಿಗೆ ಹೋದದ್ದು ಒಂದೇ ಹಕ್ಕಿಗೋಸ್ಕರ. ಕಪ್ಪು-ಕಿತ್ತಳೆ ನೊಣಹಿಡುಕ. ಪಶ್ಚಿಮ ಘಟ್ಟದ ದಕ್ಷಿಣ ಭಾಗ ಮತ್ತು ಅದಕ್ಕೆ ಹೊಂದಿಕೊಂಡ ಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇದು ಇಲ್ಲ. ನಮ್ಮ ಬಿಳಿಗಿರಿರಂಗನ ಬೆಟ್ಟದ ಮೇಲಿನ ಶೋಲಾಗಳಲ್ಲೂ (ಎತ್ತರದ ಬೆಟ್ಟಗಳ ಕಣಿವೆಯಲ್ಲಿನ ದಟ್ಟ ಹಸಿರು ಕಾಡು) ಇದೆ, ಆದರೆ ಅದು ಹುಲಿ ಕಾಡು, ಬೇಕಾದ ಕಡೆ ಇಳಿದು ನಡೆಯುವ ಹಾಗಿಲ್ಲ ಅಲ್ವಾ.

ಇಬ್ಬರಿಗೆ 3,500 ರೂಪಾಯಿ, ಗಾಡಿ ಸೇರಿ. ಆರಕ್ಕೆ ಬರುತ್ತೇವೆ ಅಂದ ಗಾಡಿ ಬಂದದ್ದು ಏಳೂ ಹತ್ತಕ್ಕೆ. ಫೋನ್ ಎತ್ತುವವರೇ ಇಲ್ಲ. ಹಕ್ಕಿ ನೋಡಲು ಬಂದವರಿಗೆ ಆ ಒಂದು ಗಂಟೆ ಹೋದರೆ ಎಷ್ಟು ಹೊಟ್ಟೆ ಉರಿಯುತ್ತದೆ ಅಂತ ಇವರಿಗೆ ಗೊತ್ತಿಲ್ಲವೇ?

ಗೈಡ್ ಮಾತ್ರ ಚಿನ್ನದಂಥ ಮನುಷ್ಯ. ನೀಲಗಿರಿಯ ಬಡಗ ಸಮುದಾಯದವರು, ಅವರ ಬಡಗ ಭಾಷೆ, ನಮ್ಮ ಕನ್ನಡ ಸೇರಿಸಿ ಮಾತು ಆರಾಮಾಗಿ ಸಾಗಿತು. ಮೊಬೈಲ್‌ನಲ್ಲಿ ಹಕ್ಕಿ ಕೂಗು ಹಾಕಿ ಕರೆಸಿ ಅಂತ ನನ್ನ ಗೆಳೆಯ ಕೇಳಿದ. "ಬೇಡ ಸಾರ್, ಗೂಡು ಕಟ್ಟೋ ಟೈಮು. ಸುಮ್ನೆ ಕೂತ್ಕೊಳ್ಳಿ, ಅದೇ ಬರುತ್ತೆ" ಅಂದರು. ಬುಕಿಂಗ್ ಪುಟದಲ್ಲಿ ನೋಡಿದರೆ 'ಫೋಟೋ ಗ್ಯಾರಂಟಿ' ಅಂತ ದಪ್ಪಕ್ಷರ! ಆ ಮಾತಿಗೆ ಬೈಸಿಕೊಳ್ಳುವುದು ಮಾತ್ರ ಈ ಮನುಷ್ಯ.

ಶೋಲಾದ ಅಂಚಿನಲ್ಲಿ ಒದ್ದೆ ಎಲೆಗಳ ಮೇಲೆ ಇಪ್ಪತ್ತೈದು ನಿಮಿಷ ಕೂತೆವು. ಸಣ್ಣಗೆ, ತೆಳ್ಳಗೆ ಒಂದು ಚೀರು ಕೇಳಿಸಿತು, ಹುಳ ಇರಬೇಕು ಅಂದುಕೊಂಡೆವು. ಅದೇ ಹಕ್ಕಿ. ಹೆಸರಿಗೆ ನೊಣಹಿಡುಕ, ಆದರೆ ಬೇರೆ ನೊಣಹಿಡುಕಗಳ ಹಾಗೆ ಕೊಂಬೆಯಿಂದ ಹಾರಿ ಗಾಳಿಯಲ್ಲಿ ಹುಳ ಹಿಡಿಯುವುದು ಇದಕ್ಕೆ ಅಪರೂಪ, ಪೊದೆಯ ಬುಡದಲ್ಲೇ ಓಡಾಡಿಕೊಂಡು ನೆಲದಿಂದ, ಎಲೆಗಳಿಂದ ಹುಳ ಹೆಕ್ಕುತ್ತದೆ. ಗೂಡೂ ಅಷ್ಟೇ, ನೆಲದಿಂದ ಒಂದು ಮೀಟರ್ ಒಳಗೇ ಹುಲ್ಲು, ಜರೀಗಿಡದ ಎಲೆ ಸೇರಿಸಿ ಮಾಡಿದ ಉಂಡೆ, ಕಾಲಿಟ್ಟರೆ ಹೋಯಿತು.

ಗಂಡು ಬಂತು. ತಲೆ, ರೆಕ್ಕೆ ಕಡುಕಪ್ಪು, ಮಿಕ್ಕಿದ್ದೆಲ್ಲ ಉರಿಯುವ ಕಿತ್ತಳೆ. ಅಷ್ಟು ಬಣ್ಣ ಇಟ್ಟುಕೊಂಡೂ ಆ ಕತ್ತಲಲ್ಲಿ ಎರಡು ಸಲ ಕಣ್ಣೆದುರೇ ಕಳೆದುಹೋಯಿತು. ಹತ್ತು ಫೋಟೋಗಳಲ್ಲಿ ಎಂಟು ಬರೀ ಎಲೆ.

ಹೋಗುವವರಿಗೆ: ಊಟಿಗೆ ಗಾಡಿ ಒಯ್ಯಲು ಬೇಕಾದ ಇ-ಪಾಸ್ ಮೊದಲೇ ಮಾಡಿಸಿ, ಏಪ್ರಿಲ್ ಆದರೂ ಸ್ವೆಟರ್ ಬೇಕು. ತಿಂಡಿ ಕೊಡುತ್ತೇವೆ ಅಂದಿದ್ದರು, ಸಿಕ್ಕಿದ್ದು ತಣ್ಣಗಾದ ಎರಡು ಬ್ರೆಡ್. ಗೈಡ್ ನಂಬರ್ ಇಸ್ಕೊಂಡು ಬಂದಿದ್ದೇನೆ, ಮುಂದಿನ ಸಲ ನೇರ ಅವರಿಗೇ ಫೋನ್.